ಅಶ್ವತ್ಥಪ್ಪನ ಬಚ್ಚಲಿನ ಗಣಿ

ಚಿನ್ನದ ಗಣಿಯ ಊರಾದ ಊರಿಗಾಂನಲ್ಲಿ, ಗಣಿಯವರ ಸಾಲುಮನೆಗಳ ನಮ್ಮ ಲೈನಿನಲ್ಲಿ, ಶವರ್ ಇರುವ ಮನೆ ಒಂದೇ, ಅದು ಅಶ್ವತ್ಥಪ್ಪನದು. ಅದರಲ್ಲಿ ನೀರು ಬರುತ್ತಿರಲಿಲ್ಲ ಎಂಬುದು ಬೇರೆ ಮಾತು. ನಮ್ಮ ಕಡೆ ನಲ್ಲಿಗೆ ಮನಸ್ಸಾದಾಗ ಮಾತ್ರ ನೀರು. ಬಂದ ನೀರು ಡ್ರಮ್ಮು, ಕೊಡ, ಬಕೆಟ್ಟು ಎಲ್ಲವನ್ನೂ ದಾಟಿ ಗೋಡೆ ಹತ್ತಿ ಶವರಿನ ತನಕ ಹೋಗುವ ಪ್ರಶ್ನೆಯೇ ಇಲ್ಲ. ಆದರೂ ಆ ಹೊಳೆಯುವ ಶವರಿನ ಕೆಳಗೆ ನಿಂತು ಅಶ್ವತ್ಥಪ್ಪ ಬಕೆಟ್ಟಿನಿಂದ ಚೊಂಬಿನಲ್ಲಿ ಮೊಗೆದು ಸ್ನಾನ ಮಾಡುತ್ತಿದ್ದ. ಮನೆಗೆ ಬಂದ ನೆಂಟರಿಗೆ ಮೊದಲು ಕಾಫಿ, ಆಮೇಲೆ ಶವರಿನ ದರ್ಶನ ಆಗುತ್ತಿತ್ತು.

ಅವನಿಗೆ ಆ ಹಕ್ಕು ಇತ್ತೆನ್ನಿ. ರಾಬರ್ಟ್‌ಸನ್‌ಪೇಟೆಯ ಒಂದು ಸ್ಯಾನಿಟರಿ ಅಂಗಡಿಯಲ್ಲಿ ಅವನು ಹಳೆಯ ಸೇಲ್ಸ್‌ಮನ್. ಬಚ್ಚಲಿಗೆ ಸಂಬಂಧಪಟ್ಟ ಯಾವ ಸಂದೇಹಕ್ಕೂ ಅವನ ಹತ್ತಿರ ಉತ್ತರ ಇತ್ತು. ನೀರು ಹೊರಹೋಗುವ ನೆಲದ ಜಾಲರಿ ಸೋರುತ್ತದೆ ಎಂದು ಬಂದ ಗಿರಾಕಿಗೆ, "ಮೊದ್ಲು ಪೈಪಿನ ಬಾಯಿಗೆ ಬಟ್ಟೆ ತುರುಕಿ, ಚೂರುಪಾರು ಒಳಗೆ ಬೀಳಬಾರ್ದು. ಆಮೇಲೆ ಕೆಲಸ ಶುರು ಮಾಡಿ" ಎಂದು ಗಂಭೀರವಾಗಿ ಹೇಳುವನು. ತಾನೇ ಕರಣೆ ಹಿಡಿದದ್ದು ಇರಲಿಲ್ಲ. ಸೀರೆ ಮಾರುವವನು ಸೀರೆ ಉಟ್ಟು ನೋಡಿರಬೇಕು ಎಂದು ಯಾರೂ ಕೇಳುವುದಿಲ್ಲವಲ್ಲ, ಹಾಗೆ ಇವನನ್ನೂ ಯಾರೂ ಕೇಳಿರಲಿಲ್ಲ.

ಇಂಥವನ ಮನೆಯ ಶವರಿನ ಕೆಳಗಿನ ಜಾಲರಿಯೇ ಸೋರತೊಡಗಿತು. ಜಾಲರಿಯ ಸುತ್ತ ಬಿರುಕು ಬಿಟ್ಟು, ನೀರು ಪೈಪಿಗೆ ಹೋಗುವ ಬದಲು ನೆಲಕ್ಕೆ ಇಳಿದು, ಪಕ್ಕದ ಕೋಣೆಯ ಗೋಡೆಯಲ್ಲಿ ತೇವವಾಗಿ ಏಳುತ್ತಿತ್ತು. ಹೆಂಡತಿ ಆದಿಲಕ್ಷ್ಮಿ ಹೇಳಿದಾಗಲೆಲ್ಲ ಅಶ್ವತ್ಥಪ್ಪ ಇದು ಟೆಕ್ನಿಕಲ್ ವಿಷಯ, ಆತುರ ಮಾಡಬಾರದು ಎನ್ನುತ್ತಿದ್ದ. ಆತುರ ಮಾಡದೆ ಮಳೆಗಾಲ ಕಳೆಯಿತು.

ಆದರೆ ಆ ಕೋಣೆ ಸಾಮಾನ್ಯ ಕೋಣೆಯಾಗಿರಲಿಲ್ಲ. ಮಗಳು ದಿವ್ಯಳ ಬಾಣಂತನಕ್ಕೆ ಎಂದು ಆದಿಲಕ್ಷ್ಮಿ ಅದನ್ನು ಅಣಿ ಮಾಡಿಟ್ಟಿದ್ದಳು. ಮಂಚ, ಸಾಂಬ್ರಾಣಿ, ಅಗ್ಗಿಷ್ಟಿಕೆ, ಇದ್ದಿಲು, ಬೆಳಗಿಟ್ಟ ಹಂಡೆ ಎಲ್ಲವೂ ಬಂದು ಕೂತಿದ್ದವು. ಎಳೆಗೂಸಿನ ಮೈಗೆ ಹೊಸ ಬಟ್ಟೆ ಸೋಕಿಸಬಾರದು, ಉಟ್ಟು ಉಟ್ಟು ಮೆತ್ತಗಾದ ಹಳೆಯ ಬಟ್ಟೆಯೇ ಆಗಬೇಕು ಎಂಬುದು ನಮ್ಮಲ್ಲಿ ನಡೆದುಬಂದದ್ದು. ಅದಕ್ಕಾಗಿ ಆದಿಲಕ್ಷ್ಮಿ ತೀರಿಹೋದ ತನ್ನ ಅವ್ವನ ಗಿಣಿಹಸಿರು ಸೀರೆಯನ್ನು ತೆಗೆದಿದ್ದಳು. ದಿವ್ಯ ಹುಟ್ಟಿದಾಗ ಅವಳನ್ನು ಸುತ್ತಿದ್ದು ಅದೇ ಸೀರೆಯಲ್ಲಿ. ಹರಿದು ಹೋದದ್ದು ಹೋಗಿ, ಕೆಂಪು ಅಂಚಿನ ಸೆರಗು ಮಾತ್ರ ಗಟ್ಟಿಯಾಗಿ ಉಳಿದಿತ್ತು. ಅದನ್ನು ಒಗೆದು, ಬಿಸಿಲಿಗೆ ಹಾಕಿ, ಮಡಿಸಿ, ಬಚ್ಚಲಿನ ಬಾಗಿಲ ಪಕ್ಕದ ಗೂಡಿನಲ್ಲಿ ಇಟ್ಟಿದ್ದಳು.

ಆದರೆ ದಿವ್ಯ ಗಂಡನ ಮನೆಯಲ್ಲಿ ದೇವರ ಕಾರ್ಯಕ್ಕೆ ಎಂದು ಬಂಗಾರಪೇಟೆಗೆ ಹೋದವಳು ಅಲ್ಲೇ ನೋವು ತಿಂದು ಅಲ್ಲೇ ಹೆತ್ತಳು. ಹೆಣ್ಣುಮಗು. ಸೂತಕ ಕಳೆದ ಮೇಲೆ ತವರಿಗೆ ಕರೆತರುವುದು ಎಂದಾಗಿತ್ತು. ಅಷ್ಟರಲ್ಲಿ ಬೀಗರು ಮುನಿನಾರಾಯಣಪ್ಪ ಒಮ್ಮೆ ಬಂದು ಕೋಣೆ ನೋಡಿದರು. ಗೋಡೆಗೆ ಅಂಗೈ ಇಟ್ಟರು. ಕೈಯನ್ನು ಪಂಚೆಗೆ ಒರೆಸಿಕೊಂಡರು. ಎರಡನೇ ಲೋಟ ಕಾಫಿಯನ್ನೂ ಕುಡಿದರು. ಅವರು ಒಳ್ಳೆಯ ಮನುಷ್ಯರು. ಮನೆ ಸೇರಿದ ಮೇಲೆ ಫೋನು ಮಾಡಿ, ಭಾನುವಾರದೊಳಗೆ ಗೋಡೆ ಒಣಗಿದರೆ ತಾಯಿ ಮಗುವನ್ನು ತಾವೇ ತಂದು ಬಿಡುವುದಾಗಿಯೂ, ಇಲ್ಲದಿದ್ದರೆ ಬಾಣಂತನ ತಮ್ಮಲ್ಲೇ ಆಗಲಿ, ತಮ್ಮ ಬಚ್ಚಲು ಒಣಗಿದೆ ಎಂದೂ ಹೇಳಿದರು. ಮಗುವಿಗೆ ಶೀತ ಆಗಬಾರದಲ್ಲ ಎಂದು ಕೊನೆಗೆ ಸೇರಿಸಿದರು. ಅದಕ್ಕೆ ಎದುರು ಹೇಳುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಆದಿಲಕ್ಷ್ಮಿ ಆ ಹೊತ್ತಿಗೇ ಗಾರೆಯವನನ್ನು ಕರೆಸಿ ಎಂದಳು. ಅಶ್ವತ್ಥಪ್ಪನಿಗೆ ಅವಮಾನವಾಯಿತು. ಊರಿಗೆಲ್ಲ ಬಚ್ಚಲು ಹೇಳಿಕೊಡುವವನು ತನ್ನ ಬಚ್ಚಲಿಗೆ ಬೇರೆಯವರನ್ನು ಕರೆಸಿದರೆ ಅಂಗಡಿಯ ಮರ್ಯಾದೆ ಏನಾಗಬೇಕು? ರಜೆ ಹಾಕಿ, ಅಂಗಡಿಯ ಹೆಸರು ಬೆನ್ನ ಮೇಲಿದ್ದ ಅಂಗಿ ತೊಟ್ಟುಕೊಂಡು, ಸಂದು ಮುಚ್ಚುವ ಸೀಲಿನ ಟ್ಯೂಬು, ಬಿಳಿ ಸಿಮೆಂಟು, ಉಳಿ, ಸುತ್ತಿಗೆ ಸಮೇತ ಬಚ್ಚಲಿಗೆ ಇಳಿದ. ಜಾಲರಿ ಎಬ್ಬಿಸಿದ. ಹಳೆಯ ಸಿಮೆಂಟು ಕೆತ್ತುವ ಮೊದಲು, ತಾನೇ ಸಾರಿಕೊಂಡು ಬಂದ ನಿಯಮದಂತೆ, ಪೈಪಿಗೆ ತುರುಕಲು ಬಟ್ಟೆ ಹುಡುಕಿದ. ಬಾಗಿಲಿನಿಂದ ಕೈ ಚಾಚಿದರೆ ಗೂಡಿನಲ್ಲಿ ಮೆತ್ತಗಿನ ಒಂದು ಹಳೇ ಬಟ್ಟೆ ಸಿಕ್ಕಿತು. ಹಸಿರು ಬಣ್ಣದ್ದು. ಇಂಥ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ಸಿಗದು ಎಂದುಕೊಂಡು ಅದನ್ನು ಪೈಪಿನೊಳಕ್ಕೆ ಮೊಣಕೈವರೆಗೂ ತುರುಕಿದ.

ಕೆತ್ತುವುದು ಮುಗಿಯುವ ಹೊತ್ತಿಗೆ ಬೀಗರ ಫೋನು ಬಂತು, ಹೆಸರಿಡುವ ವಿಷಯ ಕೇಳಲು. ಅಶ್ವತ್ಥಪ್ಪ ಹೆಸರಿನ ವಿಷಯವನ್ನು ಬದಿಗಿಟ್ಟು ಸೀಲಿನ ಗುಣಗಳನ್ನು ವರ್ಣಿಸಿದ. ಅದು ರಬ್ಬರಿನಂತೆ ಹಿಗ್ಗುವುದು, ಕುಗ್ಗುವುದು, ಗ್ಯಾರಂಟಿ, ಎಲ್ಲವನ್ನೂ. ಬೀಗರು ಹೂಂ ಹೂಂ ಎಂದು ಕೇಳಿ ಸುಸ್ತಾಗಿ ಫೋನು ಇಟ್ಟರು. ಅಶ್ವತ್ಥಪ್ಪ ಉಬ್ಬಿಹೋಗಿ ಬಂದು, ಜಾಲರಿ ಕೂರಿಸಿ, ಸುತ್ತಲೂ ಸೀಲು ಹಾಕಿ, ಬೆರಳಿನಿಂದ ನೀಟಾಗಿ ತೀಡಿದ. ಓದುವವರು ಆ ಬಟ್ಟೆಯನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಅಶ್ವತ್ಥಪ್ಪ ಇಟ್ಟುಕೊಳ್ಳಲಿಲ್ಲ.

ಮರುದಿನ ಸೀಲು ಒಣಗಿದ ಮೇಲೆ, ಪಕ್ಕದ ಮನೆಯ ಕುಪ್ಪುಸ್ವಾಮಿಯನ್ನು ಸಾಕ್ಷಿಗೆ ಕರೆದು, ಬಕೆಟ್ಟು ನೀರು ಸುರಿದ. ಜಾಲರಿಯ ಸುತ್ತ ಒಂದು ಗುಳ್ಳೆಯೂ ಏಳಲಿಲ್ಲ. ನೀರು ಒಳಗೆ ಹೋಯಿತು. ಹೊರಗೆ ಮೋರಿಯ ಹತ್ತಿರ ಹೋಗಿ ನೋಡಿದರೆ ಅಲ್ಲಿ ಒಂದು ಹನಿಯೂ ಇಲ್ಲ. ಇನ್ನೊಂದು ಬಕೆಟ್ಟು ಸುರಿದ. ಮೋರಿ ಒಣಗಿಯೇ ಇತ್ತು. ಮೇಲೆ ಸೀಲು ಭದ್ರ, ಒಳಗೆ ಪೈಪು ಬಂದ್. ನಡುವಿನ ಹಳೆಯ ಸಂದಿನಲ್ಲಿ ನೀರು ತನ್ನ ದಾರಿ ತಾನು ಮಾಡಿಕೊಂಡು ನೆಲಕ್ಕೆ ಇಳಿದಿತ್ತು, ಅಷ್ಟೇ. ಆದರೆ ಅದನ್ನು ಹೇಳುವವರು ಅಲ್ಲಿ ಯಾರಿದ್ದರು?

ಕುಪ್ಪುಸ್ವಾಮಿ ಗಣಿಯಲ್ಲಿ ಕೆಲಸ ಮಾಡಿ ವಯಸ್ಸಾದವನು. ಕಂಪನಿ ಮುಚ್ಚಿದ ಮೇಲೆ ಅವನ ಅನುಭವಕ್ಕೆ ಗಿರಾಕಿಗಳಿರಲಿಲ್ಲ. ಅವನು ಮನೆಗೆ ಹೋಗಿ ಹಾರೆ ತಂದ. ಅದರ ಒಂದು ತುದಿಯನ್ನು ಬಚ್ಚಲಿನ ನೆಲಕ್ಕೆ ಊರಿ, ಇನ್ನೊಂದು ತುದಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿದ. ಅಶ್ವತ್ಥಪ್ಪ ಉಸಿರು ಬಿಗಿ ಹಿಡಿದು ನಿಂತ.

"ಅಶ್ವತ್ತು, ನಿನ್ ಸೀಲ್ ಮೇಲೆ ತಪ್ಪಿಲ್ಲಪ್ಪ," ಎಂದ ಕುಪ್ಪುಸ್ವಾಮಿ. "ಕೆಳಗೆ ಹಳೇ ಸುರಂಗ ಐತೆ. ನೀನ್ ಸುರಿದ ತಣ್ಣಿ ಅಲ್ಲಿಗೆ ಓಗ್ತಾ ಐತೆ."

ಬೇರೆ ಊರಿನಲ್ಲಾಗಿದ್ದರೆ ಈ ಮಾತಿಗೆ ಜನ ನಗುತ್ತಿದ್ದರು. ನಮ್ಮ ಊರಿನಲ್ಲಿ ಹೆಂಚಿನ ಕೆಳಗೆ ಮನೆ ಇರುವಷ್ಟೇ ಸಹಜವಾಗಿ ಮನೆಯ ಕೆಳಗೆ ಗಣಿ ಇರುತ್ತದೆ ಎಂದು ನಾವು ನಂಬಿದ್ದೇವೆ. ಅಶ್ವತ್ಥಪ್ಪ ಅಂತೂ ಈ ಮಾತನ್ನು ಬಿಗಿಯಾಗಿ ಅಪ್ಪಿಕೊಂಡ. ಸೀಲು ಸೋತಿಲ್ಲ, ಭೂಮಿಯೇ ಟೊಳ್ಳು ಎಂಬುದು ಅವನ ಮರ್ಯಾದೆಗೆ ಬಹಳ ಅನುಕೂಲವಾದ ವಿಷಯ. ಮಧ್ಯಾಹ್ನದೊಳಗೆ ಅವನೇ ಅದನ್ನು ಮನೆಮನೆಗೆ ತಿಳಿಸಿ ಬಂದ.

ಸಂಜೆಗೆ ಲೈನಿನ ನಿವೃತ್ತ ಗಣಿಯವರೆಲ್ಲ ಬಂದರು. ಬೇವಿನ ಮರದ ಕಟ್ಟೆಯ ಮೇಲೆ ಮೊಣಕಾಲು ನೋವಿನ ಬಗ್ಗೆ ಮಾತಾಡುತ್ತ ಕೂತಿರುತ್ತಿದ್ದ ಮುದುಕರು ಅಂದು ಶಿಫ್ಟಿಗೆ ಹೊರಟವರಂತೆ ನೆಟ್ಟಗೆ ನಡೆದು ಬಂದರು. ಒಬ್ಬರ ಹತ್ತಿರ ಹಳೆಯ ಟೋಪಿ ಲ್ಯಾಂಪು ಕೂಡ ಇತ್ತು, ಉರಿಯುತ್ತಿರಲಿಲ್ಲ. ಸುರಂಗ ಯಾವ ದಿಕ್ಕಿಗೆ ಹೋಗುತ್ತದೆ ಎಂಬ ಬಗ್ಗೆ ಅವರಲ್ಲೊಬ್ಬನಾದ ಸೆಲ್ವರಾಜ್ ಮತ್ತು ಕುಪ್ಪುಸ್ವಾಮಿಗೆ ಜಗಳವೇ ಆಯಿತು. ಕೊನೆಗೆ ಏನೇ ಇರಲಿ ಮೊದಲು ಸೂರಿಗೆ ಆಸರೆ ಕೊಡಬೇಕು ಎಂದು ಒಪ್ಪಂದವಾಗಿ, ನೀಲಗಿರಿ ಮರದ ಒಂದು ದಪ್ಪ ಕಂಬವನ್ನು ಬಚ್ಚಲಿನ ನಡುವೆ ಬಿಗಿದು ನಿಲ್ಲಿಸಿದರು. ಕಂಬಕ್ಕೆ ಅಡ್ಡ ಬರುತ್ತಿದ್ದ ಶವರನ್ನು ಗೋಡೆಯ ಕಡೆಗೆ ತಿರುಚಿದರು. ಅಶ್ವತ್ಥಪ್ಪ ಅದನ್ನು ನೋಡಿ ತುಟಿ ಕಚ್ಚಿಕೊಂಡ, ಆದರೆ ಜೀವ ಉಳಿಯುವುದು ಮುಖ್ಯ.

ಇತ್ತ ಆದಿಲಕ್ಷ್ಮಿಗೆ ಸುರಂಗದ ಚಿಂತೆಯ ಜೊತೆಗೆ ಇನ್ನೊಂದು ಸೇರಿತು. ಅವ್ವನ ಸೀರೆಯ ಸೆರಗು ಗೂಡಿನಲ್ಲಿ ಇರಲಿಲ್ಲ. ಪೆಟ್ಟಿಗೆ ತೆಗೆದಳು, ಹಾಸಿಗೆ ಕೊಡವಿದಳು, ಹಿತ್ತಲಿನ ಹಗ್ಗ ನೋಡಿದಳು. ಅಶ್ವತ್ಥಪ್ಪ ಹೆಂಡತಿಯ ಕಷ್ಟ ನೋಡಲಾರದೆ ತಾನೂ ಜೊತೆಗೆ ಹುಡುಕಿದ. ಮಂಚದ ಕೆಳಗೆ ತೆವಳಿ ಹೋಗಿ, ಮೂಲೆಯ ತನಕ ಕೈಯಾಡಿಸಿ, ಮೈಯೆಲ್ಲ ಧೂಳು ಮಾಡಿಕೊಂಡು ಹೊರಗೆ ಬಂದು, ಇಲ್ಲಿ ಖಂಡಿತ ಇಲ್ಲ ಎಂದು ವರದಿ ಕೊಟ್ಟ. ಮಗುವಿಗೆ ನೀರು ಹಾಕಲು ಗೊತ್ತು ಮಾಡಿದ್ದ ಪಾಪಕ್ಕ ಹಿಂದಿನ ದಿನ ಬಂದು ಆ ಬಟ್ಟೆಗಳನ್ನು ಮುಟ್ಟಿ ನೋಡಿದ್ದಳು. ಆದಿಲಕ್ಷ್ಮಿ ಅವಳನ್ನು ಕೇಳಬಾರದಿತ್ತು, ಕೇಳಿಬಿಟ್ಟಳು. ಅದೆಷ್ಟೋ ಕೂಸುಗಳನ್ನು ಕಾಲ ಮೇಲೆ ಹಾಕಿಕೊಂಡು ಮೀಯಿಸಿದ ಪಾಪಕ್ಕ ಚಪ್ಪಲಿ ಮೆಟ್ಟಿಕೊಂಡು ಹೋದಳು. ಹೋಗುವಾಗ ಗೇಟನ್ನು ಮಾತ್ರ ಮುಚ್ಚಲಿಲ್ಲ. ಆ ರಾತ್ರಿ ಆದಿಲಕ್ಷ್ಮಿ ಉಣ್ಣಲಿಲ್ಲ.

ಯಾರೋ ಹೇಳಿ ನಗರಸಭೆ ಕಚೇರಿಯಿಂದ ಸುಧಾಕರ್ ಎಂಬಾತ ಬಂದ. ಬಚ್ಚಲಿನ ಹೊಸ್ತಿಲ ಹೊರಗೇ ನಿಂತು, ಕತ್ತು ಮಾತ್ರ ಒಳಗೆ ಹಾಕಿ, ತೊಂದರೆ ನೆಲದ ಮೇಲೋ ಕೆಳಗೋ ಎಂದು ವಿಚಾರಿಸಿದ. ಕೆಳಗೆ ಎಂದಾಗ ಅವನ ಮುಖ ಅರಳಿತು. ನೆಲದ ಮೇಲಿನದು ಮಾತ್ರ ತನ್ನ ಕಚೇರಿಗೆ ಸೇರಿದ್ದೆಂದೂ, ಕೆಳಗಿನದು ಯಾರದೆಂದು ತಿಳಿದವರು ಈಗ ಯಾರೂ ಇಲ್ಲವೆಂದೂ ವಿವರಿಸಿದ. ಆದರೂ ಬಂದದ್ದಕ್ಕೆ ಗುರುತಾಗಿ ಬಾಗಿಲಿಗೆ ಕೆಂಪು ಬಿಳಿ ಪಟ್ಟಿ ಕಟ್ಟಿ, ಮಜ್ಜಿಗೆ ಕುಡಿದು ಹೊರಟುಹೋದ.

ಆ ಪಟ್ಟಿ ಕಂಡ ಮೇಲೆ ಸುದ್ದಿ ಬೆಳಗಿನ ರೈಲು ಹತ್ತಿತು. ಊರಿಗಾಂ ಸ್ಟೇಷನ್ನಿನಲ್ಲಿ ಹತ್ತುವಾಗ ಬಚ್ಚಲಿನಲ್ಲಿ ತೂತು ಮಾತ್ರ ಇತ್ತು. ಕೋರಮಂಡಲ್ ಹೊತ್ತಿಗೆ ಬಚ್ಚಲು ಕುಸಿದಿತ್ತು. ಬೆಮೆಲ್ ನಗರ ದಾಟುವಾಗ ಅಡುಗೆಮನೆಯೂ ಹೋಯಿತು. ಬಂಗಾರಪೇಟೆಯಲ್ಲಿ ಇಳಿದಾಗ ಅಶ್ವತ್ಥಪ್ಪನನ್ನು ಹಗ್ಗ ಕಟ್ಟಿ ಮೇಲೆತ್ತುತ್ತಿದ್ದರು.

ಶನಿವಾರ ಬೆಳಿಗ್ಗೆ ಮುನಿನಾರಾಯಣಪ್ಪ ಆಟೋ ಮಾಡಿಕೊಂಡು ಓಡಿ ಬಂದರು. ಕೈಯಲ್ಲಿ ಇಡ್ಲಿ ಡಬ್ಬಿ, ಕಂಕುಳಲ್ಲಿ ದುಪ್ಪಟಿ. ಮನೆ ನಿಂತ ಕಡೆ ನಿಂತಿತ್ತು, ಅಶ್ವತ್ಥಪ್ಪ ಬಾಗಿಲಲ್ಲಿ ಹಲ್ಲುಜ್ಜುತ್ತಿದ್ದ. ಅವರಿಗೆ ಸಮಾಧಾನವಾಯಿತು, ಜೊತೆಗೆ ಸ್ವಲ್ಪ ನಿರಾಶೆಯೂ ಆಯಿತು. ಆದರೆ ಒಳಗೆ ಬಂದು ಪಟ್ಟಿ, ಕಂಬ, ಟೋಪಿ ಹಾಕಿಕೊಂಡು ಗುಂಪಾಗಿ ನಿಂತ ಮುದುಕರನ್ನು ನೋಡಿದ ಮೇಲೆ, ಇನ್ನು ಮಾತಿಗೆ ಏನೂ ಉಳಿದಿಲ್ಲ ಎಂದು ಅವರಿಗೆ ಅನ್ನಿಸಿತು. ಮಗು ನಮ್ಮನೆಯಲ್ಲೇ ಇರಲಿ, ನಮ್ಮನೆ ನಿಮ್ಮನೆ ಅಂತ ಭೇದ ಬೇಡ, ಬೀಗತಿಯವರು ಬೇಕಾದಾಗ ಬಂದು ನೋಡಿಕೊಂಡು ಹೋಗಲಿ ಎಂದು ಮೆತ್ತಗೆ ಹೇಳಿದರು. ಅಷ್ಟು ಮೆತ್ತಗೆ ಹೇಳದೆ ಇದ್ದಿದ್ದರೆ ಆದಿಲಕ್ಷ್ಮಿ ಜಗಳವಾದರೂ ಆಡುತ್ತಿದ್ದಳು.

ಅವಳು ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದಳು.

"ನೋಡ್ಕೊಂಡು ಓಗೋಕೆ ನಾನೇನ್ ನೆಂಟಳಾ ಅಣ್ಣಾ?" ಎಂದಳು. "ದಿವ್ಯಾನ ನಮ್ಮವ್ವ ಈ ಬಚ್ಚಲಲ್ಲೇ ಮೀಯಿಸಿದ್ದು. ಅವತ್ತಿಂದ ನಾನು ಕಾಯ್ತಾ ಇವ್ನಿ, ನಂಗೂ ಒಂದು ಕೂಸು ಬತ್ತದೆ, ಅದರ ನೀರೂ ಇಲ್ಲೇ ಓಗ್ತದೆ ಅಂತ. ಈಗ ಅವ್ವನ ಸೀರೇನೂ ಇಲ್ಲ, ಕೂಸೂ ಇಲ್ಲ."

ಟೋಪಿ ಹಾಕಿದ್ದವರು ಟೋಪಿ ತೆಗೆದರು. ಅಶ್ವತ್ಥಪ್ಪನಿಗೆ ಏನಾದರೂ ಹೇಳಲೇಬೇಕು ಎನ್ನಿಸಿ, ಸೀಲಿಗೆ ಗ್ಯಾರಂಟಿ ಇದೆ ಎಂದ. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಕುಪ್ಪುಸ್ವಾಮಿಯೇ ಮುಂದೆ ಬಂದ. ಹೆಣ್ಣುಮಗಳ ಕಣ್ಣೀರು ಕಂಡು ಅವನಿಗೆ ತಾನು ಹೇಳಿದ ಸುರಂಗದ ಮೇಲೆಯೇ ಸಿಟ್ಟು ಬಂದಿತ್ತು. ಆಳ ಎಷ್ಟೆಂದು ನೋಡಿಯೇ ಬಿಡೋಣ, ಕಡಿಮೆ ಇದ್ದರೆ ಕಲ್ಲು ಮಣ್ಣು ತುಂಬಿ ಮುಚ್ಚೋಣ, ಗಣಿಯಲ್ಲಿ ತಳ ಗೊತ್ತಿಲ್ಲದ ಕಡೆ ಹಗ್ಗ ಇಳಿಸಿಯೇ ನೋಡುತ್ತಿದ್ದದ್ದು ಎಂದ. ಅದಕ್ಕೆ ಜಾಲರಿ ತೆಗೆಯಬೇಕಾಗಿತ್ತು. ಅಶ್ವತ್ಥಪ್ಪ ತನ್ನ ಸೀಲಿಗೆ ಅಡ್ಡ ನಿಂತ. ಆದಿಲಕ್ಷ್ಮಿ ಅವನ ಕಡೆ ನೋಡಿದಳು. ಅವನು ಪಕ್ಕಕ್ಕೆ ಸರಿದ.

ಉಳಿ ಹಾಕಿ ಜಾಲರಿ ಎಬ್ಬಿಸಿದರು. ಸೀಲು ಚರ್ರೆಂದು ಹರಿಯಿತು, ನಿಜಕ್ಕೂ ಒಳ್ಳೆಯ ಸೀಲು. ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗೆ ಉದ್ದನೆಯ ಹಗ್ಗ ಕಟ್ಟಿದರು. ಇಬ್ಬರು ಹಗ್ಗದ ಸುರುಳಿ ಹಿಡಿದುಕೊಂಡು ಹಿತ್ತಲಿನ ತನಕ ನಿಂತರು, ಸುರಂಗಕ್ಕೆ ಅಷ್ಟು ಬೇಕಾಗಬಹುದೆಂದು. ಕುಪ್ಪುಸ್ವಾಮಿ ಮಂಡಿಯೂರಿ ಕೊಕ್ಕೆಯನ್ನು ನಿಧಾನವಾಗಿ ಇಳಿಬಿಟ್ಟ. ಮೊಣಕೈ ಮುಳುಗುವಷ್ಟು ಇಳಿದು ಅದು ನಿಂತಿತು. ಅಲುಗಾಡಿಸಿ ನೋಡಿದ.

"ತಳ ಸಿಕ್ತು," ಎಂದ. ಆಮೇಲೆ, "ಮೆತ್ತಗೈತೆ," ಎಂದ.

ಮುನಿನಾರಾಯಣಪ್ಪ ಇಡ್ಲಿ ಡಬ್ಬಿಯನ್ನು ಎದೆಗೆ ಅವಚಿಕೊಂಡರು. ಕುಪ್ಪುಸ್ವಾಮಿ ಎಳೆದ. ಮೊದಲು ಒಂದು ಕೆಂಪು ಅಂಚು ಬಂತು. ಆಮೇಲೆ ಹಸಿರು. ಎಳೆದಷ್ಟೂ ಬಂತು, ನೀರು ಸುರಿಸುತ್ತ, ಸಿಮೆಂಟಿನ ಚೂರು ಉದುರಿಸುತ್ತ, ಇಡೀ ಸೆರಗು ಬಚ್ಚಲಿನ ನೆಲದ ಮೇಲೆ ಬಂದು ಬಿತ್ತು. ಅದರ ಹಿಂದೆಯೇ ಪೈಪು ಒಂದು ದೊಡ್ಡ ತೇಗು ತೇಗಿತು. ಹೊರಗಿನಿಂದ ಯಾರೋ ಮೋರಿಯಲ್ಲಿ ನೀರು ಬಂತೆಂದು ಕೂಗಿದರು.

ಸುರಂಗ ಮುಚ್ಚಿಹೋಯಿತು. ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಪ, ಅವರಿಗೆ ನಷ್ಟವೇ ಆಯಿತು.

ಆದಿಲಕ್ಷ್ಮಿ ಪಟ್ಟಿಯ ಕೆಳಗೆ ಬಗ್ಗಿ ಒಳಗೆ ಬಂದಳು. ಸೆರಗನ್ನು ಎತ್ತಿ, ಹಿಂಡಿ, ಕೊಡವಿ, ಅಂಚನ್ನು ಬೆರಳಿನಲ್ಲಿ ಸವರಿ ನೋಡಿದಳು. ಹರಿದಿರಲಿಲ್ಲ. ಅಂಚಿನ ಹತ್ತಿರ ಬಿಳಿ ಸಿಮೆಂಟು ಅಂಟಿತ್ತು. ಆಮೇಲೆ ಗಂಡನ ಕಡೆ ತಿರುಗಿದಳು.

"ಇದನ್ನ ಉಡುಕೋಕಾ ನನ್ ಜತೆ ಮಂಚದ ಕೆಳೀಕೆ ತೂರಿದ್ದು?" ಎಂದು ಕೇಳಿದಳು.

ಬಚ್ಚಲಿನ ಯಾವ ಪ್ರಶ್ನೆಗೂ ಉತ್ತರವಿದ್ದ ಅಶ್ವತ್ಥಪ್ಪನಿಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ. ಹಳೇ ಬಟ್ಟೆ ಅಂದುಕೊಂಡೆ ಎಂದಷ್ಟೇ ಹೇಳಿದ. ಹಳೇದೇ, ಹಳೇದು ಅಂತಲೇ ಇಟ್ಟಿದ್ದು ಎಂದಳು ಅವಳು. ಮುನಿನಾರಾಯಣಪ್ಪ ಕೆಮ್ಮಿದರು. ನಗು ಬಂದಿದ್ದರೂ ಅವರು ನಗಲಿಲ್ಲ, ಅದನ್ನು ನಾವು ಇಂದಿಗೂ ಅವರ ದೊಡ್ಡತನ ಎಂದು ಹೇಳುತ್ತೇವೆ. ಸುರಂಗವಂತೂ ಇಲ್ಲವೆಂದಾಯಿತು, ಆದರೆ ಗೋಡೆಯ ತೇವ ಹಾಗೇ ಇದೆಯಲ್ಲ, ನಾಳೆಯೇ ಭಾನುವಾರ ಎಂದು ಮಾತ್ರ ನೆನಪಿಸಿದರು.

"ನೀವು ಕರ್ಕೊಂಡ್ ಬನ್ನಿ ಅಣ್ಣಾ. ಗೋಡೆ ನಾನು ಒಣಗಿಸ್ತೀನಿ," ಎಂದಳು ಆದಿಲಕ್ಷ್ಮಿ.

ಸೀಲನ್ನು ಅವಳೇ ಹಾಕಿದಳು. ಕೆಳಗಿನ ಸಂದಿಗೆ ಸಿಮೆಂಟು ಮೆತ್ತಿ, ಮೇಲೆ ಟ್ಯೂಬಿನಲ್ಲಿ ಉಳಿದದ್ದನ್ನು ಹಿಂಡಿದಳು. ಅಶ್ವತ್ಥಪ್ಪನಿಗೆ ಟಾರ್ಚು ಹಿಡಿಯುವ ಕೆಲಸ ಸಿಕ್ಕಿತು. ಪೈಪಿಗೆ ಏನು ತುರುಕುವುದು ಎಂಬ ಪ್ರಶ್ನೆ ಬಂದಾಗ ಅವಳು ಸುಮ್ಮನೆ ಕೈ ಚಾಚಿದಳು. ಅವನು ಅರ್ಥ ಮಾಡಿಕೊಂಡು ಅಂಗಡಿಯ ಅಂಗಿ ಬಿಚ್ಚಿ ಕೊಟ್ಟ. ಅವಳು ಅದನ್ನು ತುರುಕಿ, ಒಂದು ತೋಳನ್ನು ಎಲ್ಲರಿಗೂ ಕಾಣುವಂತೆ ಹೊರಗೆ ಬಿಟ್ಟಳು. ಜಾಲರಿ ಕೂರಿಸುವ ಮೊದಲು ಆ ತೋಳು ಹಿಡಿದು ಅವಳೇ ಎಳೆದಳು.

ಗೋಡೆಗೆ ಬಾಣಂತಿಯ ಅಗ್ಗಿಷ್ಟಿಕೆಯನ್ನೇ ಹಚ್ಚಿಟ್ಟರು. ಸುರಂಗ ಕಳೆದುಕೊಂಡ ಮುದುಕರು ಬಚ್ಚಲಿನ ಕಂಬ ಕಿತ್ತಿಟ್ಟು ಇದನ್ನು ಕೈಗೆತ್ತಿಕೊಂಡರು. ಹಿಂದಿನಂತೆ ಶಿಫ್ಟು ಹಾಕಿಕೊಂಡು, ಒಬ್ಬರು ಎದ್ದರೆ ಇನ್ನೊಬ್ಬರು ಕೂತು, ಇದ್ದಿಲು ಒಟ್ಟಿ ಬೀಸಣಿಗೆ ಬೀಸಿದರು. ಕುಪ್ಪುಸ್ವಾಮಿ ತನ್ನ ಮನೆಯ ಇದ್ದಿಲನ್ನೂ ತಂದು ಸುರಿದ. ಸಂಜೆ ಆದಿಲಕ್ಷ್ಮಿ ಎಲೆ ಅಡಿಕೆ ಹಿಡಿದು ಪಾಪಕ್ಕನ ಮನೆಗೆ ಹೋಗಿ, ಬುದ್ಧಿ ಕೆಟ್ಟು ಕೇಳಿದೆ, ಮನಸ್ಸಿಗೆ ಹಚ್ಚಿಕೋಬೇಡ ಎಂದು ಕೈ ಮುಗಿದಳು. ಪಾಪಕ್ಕ ಎಲೆ ಅಡಿಕೆ ತೆಗೆದುಕೊಂಡಳು. ನಾಳೆ ನೀರು ಚೆನ್ನಾಗಿ ಕಾಯಲಿ ಎಂದಷ್ಟೇ ಹೇಳಿದಳು.

ಭಾನುವಾರ ಮುನಿನಾರಾಯಣಪ್ಪ ಬಂದವರೇ ಗೋಡೆಗೆ ಅಂಗೈ ಇಟ್ಟರು. ಕೈ ನೋಡಿಕೊಂಡರು. ಈ ಸಲ ಪಂಚೆಗೆ ಒರೆಸಿಕೊಳ್ಳಲಿಲ್ಲ. ಹೊರಗೆ ಆಟೋದ ಕಡೆ ಕೈ ಬೀಸಿದರು. ದಿವ್ಯ ಕಿವಿಗೆ ಬಟ್ಟೆ ಕಟ್ಟಿಕೊಂಡು ಮಗು ಸಮೇತ ಇಳಿದಳು. ಆದಿಲಕ್ಷ್ಮಿ ಆರತಿ ಎತ್ತಿ ಒಳಗೆ ಕರೆದುಕೊಂಡಳು.

ಪಾಪಕ್ಕ ಬಚ್ಚಲಿನಲ್ಲಿ ಕಾಲು ಚಾಚಿ ಕೂತಳು, ಗೋಡೆಗೆ ಮುಖ ತಿರುಗಿಸಿಕೊಂಡ ಶವರಿನ ಕೆಳಗೆ. ಅಶ್ವತ್ಥಪ್ಪನನ್ನು ಒಳಗೆ ಸೇರಿಸಲಿಲ್ಲ. ಹೊರಗೆ ಮೋರಿಯ ಹತ್ತಿರ ನಿಂತು, ನೀರು ಬಂದೊಡನೆ ಕೂಗಿ ಹೇಳಬೇಕೆಂದು ಹೆಂಡತಿಯ ಆಜ್ಞೆಯಾಗಿತ್ತು. ಅವನು ಚಪ್ಪಲಿ ಬಿಟ್ಟು ಮೋರಿಯಲ್ಲೇ ನಿಂತ. ಕುಪ್ಪುಸ್ವಾಮಿಯೂ ಉಳಿದವರೂ ಬಂದು ಪಕ್ಕದಲ್ಲಿ ಸಾಲಾಗಿ ನಿಂತರು. ಒಳಗೆ ಚೊಂಬು ಹಂಡೆಗೆ ತಗುಲುವ ಸದ್ದು ಕೇಳಿಸಿತು. ಮಗು ಕಿರುಚಿ ಅತ್ತಿತು. ಗಟ್ಟಿ ಕೂಸು ಎಂದು ಸೆಲ್ವರಾಜ್ ಮೆಲ್ಲಗೆ ಹೇಳಿದ.

"ನೀರು ಬಂತಾ?" ಎಂದು ಆದಿಲಕ್ಷ್ಮಿ ಒಳಗಿನಿಂದ ಕೂಗಿದಳು.

ಬಂದಿತ್ತು. ಕಡಲೆಹಿಟ್ಟು, ಅರಿಸಿನ, ಹರಳೆಣ್ಣೆಯ ವಾಸನೆ ಹೊತ್ತು, ಸಣ್ಣಗೆ ಹಬೆಯಾಡುತ್ತ ಬಂದು ಅಶ್ವತ್ಥಪ್ಪನ ಪಾದದ ಮೇಲೆ ಹರಿಯಿತು. ಅವನು ಹೇಳಬೇಕೆಂದು ಬಾಯಿ ತೆರೆದ. ಕಾಲ ಬುಡವನ್ನೇ ನೋಡುತ್ತ, ಮೋರಿಯ ನಡುವೆ ನಿಂತು, ಅಂಗಡಿಯ ಅಂಗಿ ಇನ್ನೂ ಒಣಗದೆ ಬರಿಮೈಯಲ್ಲಿ, ಅಶ್ವತ್ಥಪ್ಪ ಅಳುತ್ತಿದ್ದ.

"ಬಂತಾ ಅಂದೆ?"

ಕುಪ್ಪುಸ್ವಾಮಿ ಬಗ್ಗಿ ನೀರಿಗೆ ಬೆರಳು ಅದ್ದಿ ನೋಡಿದ.

"ಬಂತು ತಾಯೀ," ಎಂದ. "ಬೆಚ್ಚಗೇ ಬಂತು."